ಸೆಟ್ಟು ಬದಲಾಯಿತು, ಕಟ್ಟಡ ಬದಲಾಗಲಿಲ್ಲ: ನ್ಯೂಯಾರ್ಕ್ ಅಗ್ನಿಶಾಮಕ ದಳದ ವಾಕಿಟಾಕಿ ಪ್ರಕರಣ

2001ರ ಮಾರ್ಚ್‌ನಲ್ಲಿ ನ್ಯೂಯಾರ್ಕ್ ನಗರದ ಅಗ್ನಿಶಾಮಕ ದಳ ತನ್ನ ಸಿಬ್ಬಂದಿಗೆ ಹೊಸ ವಾಕಿಟಾಕಿ ಹಂಚಿತು. ಮೋಟೊರೋಲಾದ ಎಕ್ಸ್‌ಟಿಎಸ್ 3500ಆರ್, ಡಿಜಿಟಲ್ ಸೆಟ್ಟು. ಹಂಚಿ ಕೆಲವೇ ದಿನಗಳಾಗಿದ್ದವು. ಕ್ವೀನ್ಸ್ ಭಾಗದ ಮನೆಯೊಂದಕ್ಕೆ ಬೆಂಕಿ ಬಿತ್ತು. ಒಳಗೆ ತೊಂದರೆಗೆ ಸಿಕ್ಕ ಸಿಬ್ಬಂದಿಯೊಬ್ಬ ‘ಮೇಡೇ’ ಎಂದು, ಅಂದರೆ ಪ್ರಾಣಾಪಾಯದಲ್ಲಿದ್ದೇನೆಂದು, ಕರೆದ. ಅದೇ ಸ್ಥಳದಲ್ಲಿದ್ದ ಜೊತೆಗಾರರಿಗೆ ಆ ಕರೆ ಕೇಳಲಿಲ್ಲ. ದಳ ಹೊಸ ಸೆಟ್ಟುಗಳನ್ನೆಲ್ಲ ವಾಪಸ್ ತರಿಸಿಕೊಂಡು ಹಳೆಯ ಅನಲಾಗ್ ಸೆಟ್ಟುಗಳನ್ನೇ ಮತ್ತೆ ಕೈಗೆ ಕೊಟ್ಟಿತು. ಆರು ತಿಂಗಳು ತುಂಬುವ ಮೊದಲೇ, ಸೆಪ್ಟೆಂಬರ್ 11ರ ಬೆಳಿಗ್ಗೆ, ಆ ಹಳೆಯ ಸೆಟ್ಟುಗಳನ್ನು ಹಿಡಿದೇ ಅವರು ವಿಶ್ವ ವಾಣಿಜ್ಯ ಕೇಂದ್ರದ 110 ಮಹಡಿಯ ಅವಳಿ ಗೋಪುರಗಳನ್ನು ಹತ್ತಿದರು. ಅಂದು ದಳದ 343 ಮಂದಿ ಸತ್ತರು.

‘ಹಳೇ ರೇಡಿಯೊ ಕೈಕೊಟ್ಟಿತು’ ಎಂದು ಒಂದೇ ಮಾತಿನಲ್ಲಿ ಈ ಪ್ರಕರಣವನ್ನು ಮುಗಿಸುವುದು ರೂಢಿ. ವೈರ್‌ಲೆಸ್ ಸೆಟ್ಟು ಮಾರುವವರಿಗಂತೂ ಇದು ಬಲು ಅನುಕೂಲದ ಮಾತು: ಹಳೆಯದು ಕೆಟ್ಟದ್ದು, ಹೊಸದು ಕೊಳ್ಳಿ. ಆದರೆ ಸೆಪ್ಟೆಂಬರ್ 11ರ ತನಿಖಾ ಆಯೋಗದ ವರದಿಯನ್ನು ಹಿಡಿದು ಕೂತರೆ ಚಿತ್ರ ಬೇರೆಯೇ ಕಾಣುತ್ತದೆ. ತುರ್ತು ಸೇವೆಯವರಿಗೆ ರೇಡಿಯೊ ಆರಿಸುವ ಯಾರಿಗಾದರೂ, ಅದು ರಾಜ್ಯದ ವಿಪತ್ತು ಸ್ಪಂದನಾ ಪಡೆಯಿರಲಿ, ಊರಿನ ಸ್ವಯಂಸೇವಕರ ತಂಡವಿರಲಿ, ಇದಕ್ಕಿಂತ ವಿವರವಾಗಿ ದಾಖಲಾದ ಪಾಠ ಇನ್ನೊಂದು ಸಿಗುವುದು ಕಷ್ಟ.

ಕತೆ ಶುರುವಾಗುವುದು 2001ರಲ್ಲಲ್ಲ, 1993ರ ಫೆಬ್ರವರಿ 26ರಂದು. ಅದೇ ಕಟ್ಟಡದ ನೆಲಮಾಳಿಗೆಯ ಪಾರ್ಕಿಂಗ್‌ನಲ್ಲಿ ಬಾಂಬ್ ಸಿಡಿದು ಆರು ಜನ ಸತ್ತರು. ಗೋಪುರಗಳೊಳಗೆ ಹೋದ ಅಗ್ನಿಶಾಮಕ ಸಿಬ್ಬಂದಿಯ ರೇಡಿಯೊಗಳು ಅಂದೇ ಸೋತಿದ್ದವು, ಎರಡು ಕಾರಣಕ್ಕೆ. ಮೊದಲನೆಯದು, ಸಾಲುಸಾಲು ಉಕ್ಕು–ಕಾಂಕ್ರೀಟಿನ ಮಹಡಿಗಳನ್ನು ತೂರಿಕೊಂಡು ಸಿಗ್ನಲ್ ಹೋಗಲಿಲ್ಲ. ಆ ಕಟ್ಟಡದ ಪ್ರತಿ ಮಹಡಿಯೂ ಉಕ್ಕಿನ ತಗಡಿನ ಮೇಲೆ ಕಾಂಕ್ರೀಟ್ ಸುರಿದು ಕಟ್ಟಿದ್ದು. ತಗಡು ರೇಡಿಯೊ ಅಲೆಯನ್ನು ಹಿಂದಕ್ಕೆ ಎಸೆಯುತ್ತದೆ, ಕೆಳಗಿನಿಂದ ಮೇಲಕ್ಕೆ ಹೋಗುವ ಅಲೆಗೆ ಮಹಡಿಗೊಂದು ಅಂಥ ತಡೆ. ಎರಡನೆಯದು, ಎಲ್ಲ ತಂಡಗಳೂ ಒಂದೇ ಚಾನೆಲ್‌ನಲ್ಲಿ ಒಟ್ಟಿಗೆ ಮಾತಾಡಿ ಯಾರ ಮಾತೂ ಯಾರಿಗೂ ತಿಳಿಯದಾಯಿತು. ಗಮನಿಸಿ, ಎರಡೂ ಸೆಟ್ಟಿನೊಳಗಿನ ದೋಷಗಳಲ್ಲ. ಒಂದು ಕಟ್ಟಡದ್ದು, ಇನ್ನೊಂದು ಚಾನೆಲ್ ಹಂಚಿಕೆಯದ್ದು.

ಮೊದಲನೆಯದಕ್ಕೆ ಪರಿಹಾರವಾಗಿ ಕಟ್ಟಡದ ಒಡೆತನವಿದ್ದ ಪೋರ್ಟ್ ಅಥಾರಿಟಿ 1994ರಲ್ಲಿ ತನ್ನದೇ ಖರ್ಚಿನಲ್ಲಿ ರಿಪೀಟರ್ ಹಾಕಿಸಿತು. ರಿಪೀಟರ್ ಮಾಡುವುದಿಷ್ಟೇ: ಕೈಯಲ್ಲಿನ ಸೆಟ್ಟಿನ ದುರ್ಬಲ ಸಿಗ್ನಲ್ಲನ್ನು ಒಂದು ಆವರ್ತನದಲ್ಲಿ ಹಿಡಿದು, ಇನ್ನೊಂದು ಆವರ್ತನದಲ್ಲಿ ಹೆಚ್ಚು ಶಕ್ತಿಯಿಂದ ಮತ್ತೆ ಬಿಡುವುದು. ಅದನ್ನು ಸದಾ ಚಾಲೂ ಇಡಿ ಎಂದು ಪೋರ್ಟ್ ಅಥಾರಿಟಿ ಸಲಹೆ ಕೊಟ್ಟಿತು. ಅಗ್ನಿಶಾಮಕ ದಳ ಒಪ್ಪಲಿಲ್ಲ. ಆ ಚಾನೆಲ್ ಸದಾ ಚಾಲೂ ಇದ್ದರೆ ಮ್ಯಾನ್‌ಹ್ಯಾಟನ್ನಿನ ದಕ್ಷಿಣ ಭಾಗದ ಬೇರೆ ಕಾರ್ಯಾಚರಣೆಗಳಿಗೆ ಅಡ್ಡಿಯಾಗಬಹುದು, ಬೇಕಾದಾಗ ಹಾಕಿಕೊಳ್ಳೋಣ ಎಂದಿತು. ತಾಂತ್ರಿಕವಾಗಿ ತಪ್ಪು ಮಾತೇನಲ್ಲ. ಮೊದಮೊದಲು ಅದೇ ಸಂಕೀರ್ಣದ 5ನೇ ಕಟ್ಟಡದಲ್ಲಿದ್ದ ಪೋರ್ಟ್ ಅಥಾರಿಟಿ ಪೊಲೀಸರ ಮೇಜಿನಲ್ಲಿ ಅದರ ನಿಯಂತ್ರಣವಿತ್ತು, ದಳ ಕೇಳಿದಾಗ ಪೊಲೀಸರು ಚಾಲೂ ಮಾಡಬೇಕಿತ್ತು. 2000ದ ವಸಂತದಲ್ಲಿ ದಳದ ಕೋರಿಕೆಯಂತೆ ಆ ನಿಯಂತ್ರಣ ಫಲಕಗಳನ್ನು ಎರಡೂ ಗೋಪುರಗಳ ಲಾಬಿಯ ಅಗ್ನಿಸುರಕ್ಷಾ ಮೇಜಿಗೆ ತಂದಿಟ್ಟರು. ಅಲ್ಲಿಂದಾಚೆ ಗುಂಡಿ ಒತ್ತುವ ಹೊಣೆ ಪೂರ್ತಿಯಾಗಿ ಅಗ್ನಿಶಾಮಕದವರದ್ದು.

ಫಲಕದಲ್ಲಿ ಎರಡು ಗುಂಡಿಗಳಿದ್ದವು. ಒಂದನ್ನು ಒತ್ತಿದರೆ ಸಿಬ್ಬಂದಿಯ ಕೈಸೆಟ್ಟುಗಳು ರಿಪೀಟರ್ ಮೂಲಕ ತಮ್ಮತಮ್ಮಲ್ಲಿ ಮಾತಾಡಬಹುದು. ಲಾಬಿಯ ಮೇಜಿನ ಮೇಲಿದ್ದ ಮುಖ್ಯ ಹ್ಯಾಂಡ್‌ಸೆಟ್ಟಿನಲ್ಲಿ ಅವರ ಮಾತು ಕೇಳಿಸಿಕೊಳ್ಳಲೂಬಹುದು. ಆದರೆ ಆ ಹ್ಯಾಂಡ್‌ಸೆಟ್ಟಿನಿಂದ ಮಾತಾಡಬೇಕೆಂದರೆ ಎರಡನೆಯ ಗುಂಡಿಯನ್ನೂ ಒತ್ತಬೇಕು.

ಮೊದಲ ವಿಮಾನ ಉತ್ತರ ಗೋಪುರಕ್ಕೆ ಬಡಿದದ್ದು 8:46ಕ್ಕೆ. 8:54ಕ್ಕೆ ಯಾರೋ ಮೊದಲ ಗುಂಡಿ ಒತ್ತಿದರು. ಯಾರೆಂದು ತನಿಖೆಗೂ ಗೊತ್ತಾಗಲಿಲ್ಲ. ಎರಡನೆಯದನ್ನು ಯಾರೂ ಒತ್ತಲೇ ಇಲ್ಲ. 9:05ಕ್ಕೆ, ಅಂದರೆ ದಕ್ಷಿಣ ಗೋಪುರಕ್ಕೆ ಎರಡನೆಯ ವಿಮಾನ ಬಡಿದು ಎರಡೇ ನಿಮಿಷಕ್ಕೆ, ಇಬ್ಬರು ಹಿರಿಯ ಅಧಿಕಾರಿಗಳು ರಿಪೀಟರನ್ನು ಪರೀಕ್ಷಿಸಿದರು. ಒಬ್ಬರು ಮುಖ್ಯ ಹ್ಯಾಂಡ್‌ಸೆಟ್ಟಿನಲ್ಲಿ, ಇನ್ನೊಬ್ಬರು ಕೈಸೆಟ್ಟಿನಲ್ಲಿ. ಹ್ಯಾಂಡ್‌ಸೆಟ್ಟಿನ ಮಾತು ಆಚೆ ಹೋಗಲಿಲ್ಲ, ಎರಡನೆಯ ಗುಂಡಿ ಒತ್ತಿರಲಿಲ್ಲವಲ್ಲ. ಆಚೆಯವರ ಮಾತೂ ಇತ್ತ ಕೇಳಲಿಲ್ಲ. ತಾಂತ್ರಿಕ ತೊಂದರೆಯಿದ್ದಿರಬಹುದು, ಇಲ್ಲವೇ ಬಳಕೆಯಲ್ಲಿಲ್ಲದಾಗ ಮಾಮೂಲಿನಂತೆ ಇಳಿಸಿಟ್ಟಿದ್ದ ವಾಲ್ಯೂಮ್ ಹಾಗೆಯೇ ಉಳಿದಿರಬಹುದು ಎನ್ನುತ್ತದೆ ಆಯೋಗ. ರಿಪೀಟರ್ ಕೆಟ್ಟಿದೆ ಎಂದು ತೀರ್ಮಾನವಾಯಿತು. ಉತ್ತರ ಗೋಪುರದ ತಂಡಗಳು ರಿಪೀಟರ್ ಇಲ್ಲದೆ ಸೆಟ್ಟಿನಿಂದ ಸೆಟ್ಟಿಗೆ ನೇರ ಮಾತಾಡುವ ಮಾಮೂಲಿ ಟ್ಯಾಕ್ಟಿಕಲ್ ಚಾನೆಲ್‌ನಲ್ಲೇ ಮೇಲೆ ಹತ್ತಿದವು.

ರಿಪೀಟರ್ ಕೆಟ್ಟಿರಲಿಲ್ಲ. ಪಕ್ಕದ ದಕ್ಷಿಣ ಗೋಪುರದಲ್ಲಿ ಬೆಟಾಲಿಯನ್ ಮುಖ್ಯಸ್ಥ ಓರಿಯೋ ಪಾಮರ್ ಮತ್ತು ಲ್ಯಾಡರ್ 15 ತಂಡದವರು ಅದೇ ರಿಪೀಟರಿನ 7ನೇ ಚಾನೆಲ್‌ನಲ್ಲಿ ಮಾತಾಡುತ್ತಲೇ ಮೇಲೇರಿದರು. ಪಾಮರ್ ವಿಮಾನ ಬಡಿದ ವಲಯವಾದ 78ನೇ ಮಹಡಿಯನ್ನು ಮುಟ್ಟಿ, ಅಲ್ಲಿನ ಸ್ಥಿತಿಯನ್ನು ಕೆಳಗಿನವರಿಗೆ ತಿಳಿಸಿದರು. ಎತ್ತರದ ಕಟ್ಟಡಗಳ ರೇಡಿಯೊ ವಿಚಾರ ಚೆನ್ನಾಗಿ ಬಲ್ಲವರೆಂದು ದಳದಲ್ಲಿ ಅವರಿಗೆ ಹೆಸರಿತ್ತು. ಆ ಸಂಭಾಷಣೆಯ ಧ್ವನಿಮುದ್ರಣ ಉಳಿದದ್ದರಿಂದಲೇ ನಮಗೆ ಈ ಸಂಗತಿ ಗೊತ್ತು. ಅದೇ ತಯಾರಿಕೆಯ ಹಳೆಯ ಸೆಟ್ಟು, ಅದೇ ಬೆಳಿಗ್ಗೆ, ಅಂಥದ್ದೇ ಗೋಪುರ. ಒಂದು ಕಡೆ ದಾರಿ ತೆರೆದಿದೆ ಎಂದು ತಿಳಿದವರಿದ್ದರು, ಇನ್ನೊಂದು ಕಡೆ ಮುಚ್ಚಿದೆ ಎಂದು ನಂಬಿದವರಿದ್ದರು.

9:59ಕ್ಕೆ ದಕ್ಷಿಣ ಗೋಪುರ ಕುಸಿಯಿತು. ನಿಮಿಷದೊಳಗೆ ಉತ್ತರ ಗೋಪುರದಲ್ಲಿದ್ದವರಿಗೆ ರೇಡಿಯೊದಲ್ಲಿ ಖಾಲಿ ಮಾಡುವ ಆದೇಶ ಹೋಯಿತು. ಆ ಗೋಪುರ ಕುಸಿದದ್ದು 10:28ಕ್ಕೆ. ನಡುವೆ ಅರ್ಧ ಗಂಟೆ. ಆದೇಶ ಎಲ್ಲರಿಗೂ ಮುಟ್ಟಲಿಲ್ಲ ಎನ್ನುವುದು ನಿಜ. ಆದರೆ ಯಾರಿಗೂ ಮುಟ್ಟಲಿಲ್ಲ ಎನ್ನುವ ಜನಪ್ರಿಯ ಮಾತು ಸುಳ್ಳು: ಆ ಗೋಪುರದೊಳಗಿದ್ದ ಹೆಚ್ಚೆಂದರೆ 32 ತಂಡಗಳಲ್ಲಿ ಕನಿಷ್ಠ 24 ತಂಡಗಳಿಗೆ, ರೇಡಿಯೊದಲ್ಲೋ ಬಾಯಿಮಾತಿನಲ್ಲೋ, ಸುದ್ದಿ ತಲುಪಿತ್ತು ಎಂದು ಆಯೋಗ ಲೆಕ್ಕ ಹಾಕಿದೆ. ತಲುಪದವರ ವಿಷಯದಲ್ಲಿ ಹಲವು ಕಾರಣಗಳು ಹೆಣೆದುಕೊಂಡಿವೆ. ಎತ್ತರದ ಕಟ್ಟಡದಲ್ಲಿ ಸೋಲುವ ಸಿಗ್ನಲ್, ಕಿಕ್ಕಿರಿದ ಚಾನೆಲ್, ಬೇರೆ ಚಾನೆಲ್‌ಗೆ ಹೊಂದಿಸಿಕೊಂಡಿದ್ದ ಸೆಟ್ಟುಗಳು, ರಜೆಯಲ್ಲಿದ್ದೂ ಓಡಿಬಂದು ರೇಡಿಯೊ ಇಲ್ಲದೆಯೇ ಒಳಹೊಕ್ಕವರು. ಪೊಲೀಸ್ ಹೆಲಿಕಾಪ್ಟರ್ ಪೈಲಟ್ 10:08ಕ್ಕೆ ‘ಇದು ಹೆಚ್ಚು ಹೊತ್ತು ನಿಲ್ಲುವಂತೆ ಕಾಣುವುದಿಲ್ಲ’ ಎಂಬರ್ಥದ ಎಚ್ಚರಿಕೆ ಕೊಟ್ಟಿದ್ದ, ಅದು ಪೊಲೀಸರ ರೇಡಿಯೊದಲ್ಲಿ ಹೋಯಿತು. ಅಗ್ನಿಶಾಮಕದವರ ಸೆಟ್ಟಿಗೆ ಆ ಚಾನೆಲ್ಲೇ ಇರಲಿಲ್ಲ.

ಈಗ ಮಾರ್ಚ್‌ನ ಖರೀದಿಗೆ ಹಿಂದಿರುಗೋಣ. ಆ ಡಿಜಿಟಲ್ ಸೆಟ್ಟುಗಳು ಅಂದು ಕೈಯಲ್ಲಿದ್ದಿದ್ದರೆ? ಮಹಡಿಯ ತಗಡು ಅವುಗಳಿಗೂ ಅಷ್ಟೇ ತಗಡು. ರಿಪೀಟರಿನ ಎರಡನೆಯ ಗುಂಡಿ ಹಾಗೆಯೇ ಉಳಿಯುತ್ತಿತ್ತು. ನನ್ನ ತಕರಾರು ಡಿಜಿಟಲ್ ಎಂಬುದರ ಮೇಲಲ್ಲ, ಅದನ್ನು ತಂದ ರೀತಿಯ ಮೇಲೆ. ಹೊಗೆ ತುಂಬಿದ ಕಟ್ಟಡದೊಳಗೆ, ಮುಖವಾಡ ಹಾಕಿಕೊಂಡು, ಅಲಾರಾಂ ಕಿರುಚುವಾಗ ಅದನ್ನು ಬಳಸಿ ನೋಡುವ ಕೆಲಸ ಹಂಚುವ ಮೊದಲೇ ಆಗಬೇಕಿತ್ತು. ಸಾಕಷ್ಟು ಪರೀಕ್ಷೆಯಿಲ್ಲದೆ, ಪೈಪೋಟಿಯ ಟೆಂಡರ್ ಇಲ್ಲದೆ ಕೊಂಡರೆಂಬ ಟೀಕೆ ನಗರದಲ್ಲಿ ಅಂದೇ ಎದ್ದಿತ್ತು.

ಡಿಜಿಟಲ್ ಸೆಟ್ಟಿಗೂ ಅನಲಾಗ್ ಸೆಟ್ಟಿಗೂ ಬೆಂಕಿಯ ಜಾಗದಲ್ಲಿ ಏನು ವ್ಯತ್ಯಾಸ ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ಏಕೆಂದರೆ ಇಂದಿಗೂ ಕ್ಯಾಟಲಾಗುಗಳು ಇದನ್ನು ಹೇಳುವುದಿಲ್ಲ. ಅನಲಾಗ್ ಸಿಗ್ನಲ್ ಕುಂದುತ್ತ ಹೋದಂತೆ ಗರಗರ ಸದ್ದು ಏರುತ್ತದೆ, ಆದರೂ ಅನುಭವಿ ಕಿವಿ ಆ ಗರಗರದಿಂದಲೂ ಮಾತನ್ನು ಹೆಕ್ಕುತ್ತದೆ, ಸಿಗ್ನಲ್ ಸೋಲುತ್ತಿದೆ ಎಂಬ ಸುಳಿವೂ ಸಿಗುತ್ತದೆ. ಡಿಜಿಟಲ್ ಕೊನೆಯವರೆಗೂ ನಿಚ್ಚಳವಾಗಿದ್ದು ಒಂದು ಹಂತ ದಾಟಿದೊಡನೆ ಪೂರ್ತಿ ಮೌನವಾಗುತ್ತದೆ. ಇಬ್ಬರು ಒಟ್ಟಿಗೆ ಮಾತಿನ ಗುಂಡಿ ಒತ್ತಿದರೆ ಅನಲಾಗ್‌ನಲ್ಲಿ ಬಲವಾದ ಸಿಗ್ನಲ್ ಗೆಲ್ಲುತ್ತದೆ, ಇಲ್ಲವೇ ಕೀರಲು ಸದ್ದು ಬಂದು ‘ಯಾರೋ ಮಧ್ಯೆ ಮಾತಾಡಿದರು, ಮತ್ತೆ ಹೇಳಿ’ ಎಂದು ಕೇಳಬಹುದು. ಡಿಜಿಟಲ್‌ನಲ್ಲಿ ಇಬ್ಬರದೂ ಸದ್ದಿಲ್ಲದೆ ಅಳಿಸಿಹೋಗಬಹುದು. ಇನ್ನೊಂದು ತೊಡಕು ವೊಕೋಡರ್‌ನದು. ದನಿಯನ್ನು ಅಂಕಿಗಳಾಗಿ ಕುಗ್ಗಿಸುವ ಈ ತಂತ್ರವನ್ನು ಮಾತಿಗೆಂದೇ ರೂಪಿಸಿರುತ್ತಾರೆ. ಗರಗಸ, ಗಾಳಿ ಮುಗಿಯುತ್ತಿದೆಯೆಂಬ ಎಚ್ಚರಿಕೆ ಗಂಟೆ, ಬಿದ್ದವನ ಮೈಮೇಲಿನ ಅಪಾಯದ ಅಲಾರಾಂ ಇವೆಲ್ಲ ಜೊತೆಗೆ ಬೆರೆತಾಗ ಮಾತನ್ನೂ ಕೆಡಿಸಿಬಿಡುತ್ತದೆ. 2008ರಲ್ಲಿ ಅಮೆರಿಕದ ದೂರಸಂಪರ್ಕ ಆಡಳಿತ ಸಂಸ್ಥೆಯ ಪ್ರಯೋಗಾಲಯ ಇಂಥ ಸದ್ದುಗಳ ನಡುವೆ ಎರಡೂ ಬಗೆಯ ಸೆಟ್ಟುಗಳನ್ನು ಕೇಳಿಸಿ ನೋಡಿದಾಗ, ಕೆಲವು ಸದ್ದುಗಳಲ್ಲಿ ಡಿಜಿಟಲ್ ಸ್ಪಷ್ಟವಾಗಿ ಹಿಂದೆ ಬಿತ್ತು. ಅದಾದಮೇಲೆ ವೊಕೋಡರ್‌ಗಳು ಸುಧಾರಿಸಿವೆ. ಆದರೂ ಬೆಂಕಿಯ ಸ್ಥಳದಲ್ಲಿ ಸೆಟ್ಟಿನಿಂದ ಸೆಟ್ಟಿಗೆ ನೇರ ಅನಲಾಗ್ ಮಾತನ್ನೇ ಇಟ್ಟುಕೊಂಡಿರುವ ದಳಗಳು ಅಲ್ಲಿ ಬಹಳ. ನಾನು ಕೊಳ್ಳುವವನಾದರೆ ಎರಡೂ ಇರುವ ಸೆಟ್ಟನ್ನೇ ಕೊಂಡು, ಒಳಗೆ ಹೋಗುವವರ ಚಾನೆಲ್ಲನ್ನು ಅನಲಾಗ್ ಆಗಿ ಬಿಡುತ್ತೇನೆ.

ಗಟ್ಟಿತನದ ವಿಷಯ. ಕ್ಯಾಟಲಾಗಿನಲ್ಲಿ ಎರಡು ಸಾಲು ತಪ್ಪದೆ ಇರುತ್ತವೆ, ಐಪಿ67 ಮತ್ತು ಮಿಲ್-ಎಸ್‌ಟಿಡಿ-810. ಮೊದಲನೆಯದರ ಅರ್ಥ ಧೂಳು ಒಳಹೋಗದು, ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಇದ್ದರೂ ನೀರು ನುಗ್ಗದು. ಎರಡನೆಯದು ಅಮೆರಿಕ ಸೇನೆಯ ಪರೀಕ್ಷಾ ವಿಧಾನಗಳ ದೊಡ್ಡ ಕಟ್ಟು. ಅದರಲ್ಲಿ ಯಾವ ಯಾವ ಪರೀಕ್ಷೆಗೆ ಒಡ್ಡಿದ್ದಾರೆ ಎಂದು ಕೇಳದಿದ್ದರೆ ಆ ಸಾಲಿಗೆ ಬೆಲೆಯಿಲ್ಲ. ನೆರೆ, ಭೂಕುಸಿತಕ್ಕೆ ಇಷ್ಟು ಸಾಕಾಗಬಹುದು. ಬೆಂಕಿಗೆ ಸಾಲದು. ಅಮೆರಿಕದ ರಾಷ್ಟ್ರೀಯ ಮಾನದಂಡ ಸಂಸ್ಥೆ ನಿಸ್ಟ್ 2006ರಲ್ಲಿ ಅಗ್ನಿಶಾಮಕರ ಕೈಸೆಟ್ಟುಗಳನ್ನು ಬಿಸಿಗಾಳಿಗೆ ಒಡ್ಡಿ ಪರೀಕ್ಷಿಸಿತು. 100 ಡಿಗ್ರಿಯಲ್ಲಿ 25 ನಿಮಿಷ, 160 ಡಿಗ್ರಿಯಲ್ಲಿ 15 ನಿಮಿಷ, 260 ಡಿಗ್ರಿಯಲ್ಲಿ 5 ನಿಮಿಷ ಎಂಬ ಮೆಟ್ಟಿಲುಗಳಲ್ಲಿ. ಹೊರಗೆ ತೆರೆದಿಟ್ಟ ಸೆಟ್ಟುಗಳಿಗೆ ಎರಡನೆಯ ಮೆಟ್ಟಿಲಿನಲ್ಲೇ ತೊಂದರೆ ಶುರುವಾಯಿತು. ಅಗ್ನಿನಿರೋಧಕ ಕೋಟಿನ ಜೇಬಿನೊಳಗಿದ್ದವು ಮೂರನೆಯದನ್ನೂ ತಡೆದುಕೊಂಡವು. ಎಂದರೆ ಸಾವಿರಾರು ಡಾಲರಿನ ಸೆಟ್ಟಿನ ಆಯಸ್ಸನ್ನು ನಿರ್ಧರಿಸಿದ್ದು ಅದನ್ನು ಎಲ್ಲಿ ಇಟ್ಟುಕೊಂಡರು ಎಂಬುದು. ಸೆಟ್ಟು ಜೇಬಿನಲ್ಲಿದ್ದರೂ ಹೊರಗೆ ತೂಗುವ ಸ್ಪೀಕರ್ ಮೈಕ್ ಮತ್ತು ಅದರ ವಯರು ಬಿಸಿಗೆ ಮೈಯೊಡ್ಡಿಯೇ ಇರುತ್ತವೆ, ಮೊದಲು ಸೋಲುವುದು ಅವೇ. ಅಗ್ನಿಶಾಮಕರ ಕೈಸೆಟ್ಟಿಗೆಂದೇ ಎನ್‌ಎಫ್‌ಪಿಎ 1802 ಎಂಬ ಪ್ರತ್ಯೇಕ ಮಾನದಂಡ ಬರುವುದಕ್ಕೆ 2021ರವರೆಗೆ ಕಾಯಬೇಕಾಯಿತು. ಅದು ಸೆಟ್ಟನ್ನೂ ಸ್ಪೀಕರ್ ಮೈಕನ್ನೂ ಒಟ್ಟಿಗೆ ಪರೀಕ್ಷೆಗೆ ಒಡ್ಡುತ್ತದೆ.

ಆಂಟೆನಾ ಕುರಿತು ಯಾರೂ ಟೆಂಡರಿನಲ್ಲಿ ಅರ್ಧ ಸಾಲಿಗಿಂತ ಹೆಚ್ಚು ಬರೆಯುವುದಿಲ್ಲ. ಅಚ್ಚರಿಯೆಂದರೆ ಅತಿ ಕಡಿಮೆ ಖರ್ಚಿನಲ್ಲಿ ಅತಿ ಹೆಚ್ಚು ಲಾಭ ಸಿಗುವುದು ಅಲ್ಲೇ. ಲೆಕ್ಕ ಸರಳ. ಕೈಸೆಟ್ಟುಗಳು ಬಳಸುವ ಆವರ್ತನ ಬ್ಯಾಂಡುಗಳು ಮುಖ್ಯವಾಗಿ ಎರಡು, ಕೆಳಗಿನದು ವಿಎಚ್‌ಎಫ್, ಮೇಲಿನದು ಯುಎಚ್‌ಎಫ್. 150 ಮೆಗಾಹರ್ಟ್ಸ್ ವಿಎಚ್‌ಎಫ್‌ನಲ್ಲಿ ಅಲೆಯ ಉದ್ದ ಎರಡು ಮೀಟರ್, ಕಾಲು ಅಲೆಯ ಆಂಟೆನಾ ಎಂದರೆ 50 ಸೆಂಟಿಮೀಟರ್. ಅಷ್ಟುದ್ದದ್ದನ್ನು ಸೊಂಟಕ್ಕೆ ಕಟ್ಟಿಕೊಂಡು ಮೆಟ್ಟಿಲು ಹತ್ತಲಾಗದು, ಹಾಗಾಗಿ ತಂತಿಯನ್ನು ಸುರುಳಿ ಸುತ್ತಿ ಬೆರಳುದ್ದಕ್ಕೆ ಇಳಿಸುತ್ತಾರೆ. ಇಳಿಸಿದಷ್ಟೂ ಶಕ್ತಿ ಸೋರುತ್ತದೆ. 450 ಮೆಗಾಹರ್ಟ್ಸ್ ಯುಎಚ್‌ಎಫ್‌ನಲ್ಲಿ ಕಾಲು ಅಲೆ ಎಂದರೆ ಸುಮಾರು 17 ಸೆಂಟಿಮೀಟರ್, ಪೂರ್ತಿ ಉದ್ದದ ಬಳುಕುವ ಆಂಟೆನಾವನ್ನೇ ಹಾಕಬಹುದು. ಕಿಟಕಿ, ಬಾಗಿಲು, ಮೆಟ್ಟಿಲ ಸಂದಿಗಳಲ್ಲಿ ನುಸುಳುವುದೂ ಚಿಕ್ಕ ಅಲೆಗೆ ಸುಲಭ. ನ್ಯೂಯಾರ್ಕ್‌ನ ಹೊಸ ಸೆಟ್ಟುಗಳು ಯುಎಚ್‌ಎಫ್ ಆಗಿದ್ದದ್ದು ಈ ದೃಷ್ಟಿಯಿಂದ ಒಳ್ಳೆಯ ಆಯ್ಕೆಯೇ. ಅದೇ ನಿಯಮವನ್ನು ಕೊಡಗಿನ ಕಾಡಿಗೋ ಚಾರ್ಮಾಡಿ ಘಾಟಿಗೋ ಹೊತ್ತು ತಂದರೆ ತಲೆಕೆಳಗಾಗುತ್ತದೆ. ಎಲೆ, ಮರ, ಗುಡ್ಡದ ಓರೆಗಳ ನಡುವೆ ವಿಎಚ್‌ಎಫ್ ಹೆಚ್ಚು ದೂರ ಹೋಗುತ್ತದೆ. ನಮ್ಮ ಅರಣ್ಯ ಸಿಬ್ಬಂದಿಯ ವೈರ್‌ಲೆಸ್ ಅದರಲ್ಲೇ ಇರುವುದು ಸುಮ್ಮನೆ ಅಲ್ಲ.

ಇನ್ನು ಮೈಯೇ ಒಂದು ಗೋಡೆ. ಸೊಂಟದ ಬೆಲ್ಟಿಗೆ ಸಿಕ್ಕಿಸಿದ ಸೆಟ್ಟಿನ ಆಂಟೆನಾ ಒಂದು ಬದಿಯಲ್ಲಿ ದೇಹಕ್ಕೆ ಅಂಟಿಕೊಂಡಿರುತ್ತದೆ, ಮನುಷ್ಯನೆಂದರೆ ರೇಡಿಯೊ ಅಲೆಗೆ ಉಪ್ಪುನೀರಿನ ಕೊಡವಿದ್ದಂತೆ. ಮುಖದ ಎತ್ತರಕ್ಕೆ ಹಿಡಿದಾಗ ಸಿಗುವ ಸಿಗ್ನಲ್ಲಿಗೆ ಹೋಲಿಸಿದರೆ 10 ಡೆಸಿಬಲ್ ಕಳೆದುಹೋಗುವುದು ದೊಡ್ಡ ಮಾತಲ್ಲ. ಹತ್ತು ಡೆಸಿಬಲ್ ಎಂದರೆ ಹತ್ತನೇ ಒಂದು, 5 ವಾಟಿನ ಸೆಟ್ಟು ಅರ್ಧ ವಾಟಿನದಾಗಿ ಕೂರುತ್ತದೆ. ಅರ್ಧ ವಾಟಿನದಾದ ಸೆಟ್ಟಿಗೆ ಇನ್ನೂ ಒಂದು ವಾಟು ಸೇರಿಸಲೆಂದು ಲಕ್ಷಗಟ್ಟಲೆ ಸುರಿಯುವ ಬದಲು, ಸೆಟ್ಟನ್ನು ಎದೆಯ ಪಟ್ಟಿಗೋ ಕೋಟಿನ ಮೇಲುಜೇಬಿಗೋ ಏರಿಸಿ ಆಂಟೆನಾ ಭುಜದ ಹತ್ತಿರ ನೆಟ್ಟಗೆ ನಿಲ್ಲುವಂತೆ ಮಾಡಿದರೆ ಕಳೆದದ್ದರಲ್ಲಿ ಸಾಕಷ್ಟು ವಾಪಸ್ ಬರುತ್ತದೆ. ಜೊತೆಗೊಂದು ಸಣ್ಣ ಎಚ್ಚರಿಕೆ. ಆಂಟೆನಾ ಹಿಡಿದು ಸೆಟ್ಟನ್ನು ಎತ್ತುವ ಅಭ್ಯಾಸ ಎಲ್ಲ ದಳಗಳಲ್ಲೂ ಇದೆ. ಬುಡದ ಕನೆಕ್ಟರ್ ಒಳಗೊಳಗೇ ಸಡಿಲಾಗುತ್ತದೆ, ಸೆಟ್ಟು ಮಾತಾಡುತ್ತಲೇ ಇರುತ್ತದೆ, ದೂರ ಮಾತ್ರ ತಿಂಗಳು ತಿಂಗಳಿಗೆ ಕಡಿಮೆಯಾಗುತ್ತದೆ. ಬಿಡಿ ಆಂಟೆನಾಗಳನ್ನು ಬ್ಯಾಟರಿಯಂತೆಯೇ ವರ್ಷಾವರ್ಷ ಬದಲಿಸುವ ಸಾಮಾನಿನ ಪಟ್ಟಿಗೆ ಸೇರಿಸಬೇಕು. ಬೇರೆ ಬ್ಯಾಂಡಿನ ಆಂಟೆನಾ ತಿರುಪಿಗೆ ಸರಿಹೊಂದುತ್ತದೆಂದು ಹಾಕಿಬಿಟ್ಟರೆ ಆಗುವ ನಷ್ಟವಂತೂ ಲೆಕ್ಕಕ್ಕಿಲ್ಲ.

ಊರಿನ ಸ್ವಯಂಸೇವಕ ತಂಡಗಳಿಗೆ ಇನ್ನೊಂದು ಮಾತು. ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಸಿಗುವ ಸೆಟ್ಟನ್ನು ಪರವಾನಗಿ ಇಲ್ಲದೆ ಬಳಸಲಾಗದು. ನಮ್ಮಲ್ಲಿ ಪರವಾನಗಿ ಇಲ್ಲದೆ ಮಾತಾಡಲು ಬಿಟ್ಟಿರುವುದು 446.0ರಿಂದ 446.2 ಮೆಗಾಹರ್ಟ್ಸ್‌ನ ಸಣ್ಣ ಪಟ್ಟಿ, ಅದೂ ಕಡಿಮೆ ಶಕ್ತಿಯಲ್ಲಿ. ಇಂಥ ಸೆಟ್ಟುಗಳ ಅಕ್ರಮ ಮಾರಾಟದ ವಿರುದ್ಧ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2025ರಲ್ಲಿ ಮಾರ್ಗಸೂಚಿಯನ್ನೇ ಹೊರಡಿಸಿದೆ.

ನ್ಯೂಯಾರ್ಕ್ ಆಮೇಲೆ ಮಾಡಿದ್ದೇನು ಎಂಬುದು ಈ ಪ್ರಕರಣದ ನಿಜವಾದ ತಿರುಳು. ವಾಪಸ್ ತರಿಸಿ ಕಪಾಟಿನಲ್ಲಿಟ್ಟಿದ್ದ ಅದೇ ಎಕ್ಸ್‌ಟಿಎಸ್ 3500 ಸೆಟ್ಟುಗಳನ್ನು ಅನಲಾಗ್‌ಗೆ ಮರುಹೊಂದಿಸಿ, ಪ್ರಯೋಗಿಸಿ, ತರಬೇತಿ ಕೊಟ್ಟು ಮತ್ತೆ ಹಂಚಿದರು. ಬದಲಾದದ್ದು ಒಳಗಿನ ಹೊಂದಿಕೆ ಮತ್ತು ಹಂಚುವ ಮೊದಲಿನ ಶ್ರಮ, ಸೆಟ್ಟಲ್ಲ. ಕೈಸೆಟ್ಟಿನ ಶಕ್ತಿ ಎತ್ತರದ ಕಟ್ಟಡಕ್ಕೆ ಸಾಲದೆಂದು ಒಪ್ಪಿಕೊಂಡು ‘ಪೋಸ್ಟ್ ರೇಡಿಯೊ’ ಎಂಬುದನ್ನು ದಳದೊಳಗೇ ರೂಪಿಸಿದರು. ಹೊತ್ತೊಯ್ಯಬಲ್ಲ ಪೆಟ್ಟಿಗೆಯಲ್ಲಿ 45 ವಾಟಿನ ಸೆಟ್ಟು, ಸ್ವಂತ ಬ್ಯಾಟರಿ. ಬೆಟಾಲಿಯನ್ ಮುಖ್ಯಸ್ಥರು ಒಂದನ್ನು ಲಾಬಿಯಲ್ಲಿ, ಇನ್ನೊಂದನ್ನು ಬೆಂಕಿಯ ಮಹಡಿಯ ಹತ್ತಿರ ಇರಿಸಿ ತಮ್ಮೊಳಗೆ ಮಾತಾಡಬಹುದು, ಕಟ್ಟಡದಲ್ಲಿ ರಿಪೀಟರ್ ಇರಲಿ ಬಿಡಲಿ. ಭಾರದ ಪೆಟ್ಟಿಗೆಯೇ ಸರಿ. ಆದರೆ ಬೇರೆಯವರು ಒತ್ತಬೇಕಾದ ಯಾವ ಗುಂಡಿಯನ್ನೂ ಅದು ನೆಚ್ಚಿಕೊಂಡಿಲ್ಲ ಎಂಬ ಕಾರಣಕ್ಕೆ ನನಗೆ ಇಡೀ ಸುಧಾರಣೆಯಲ್ಲಿ ಅತ್ಯಂತ ಬುದ್ಧಿವಂತಿಕೆಯದಾಗಿ ಕಾಣುವುದು ಇದೇ.

ಕಟ್ಟಡಗಳ ಪಾಲು ಕೊನೆಗೆ ಬಂತು. 2014ರ ನಗರದ ಕಟ್ಟಡ ಸಂಹಿತೆ ಹೊಸ ಬಹುಮಹಡಿ ಕಟ್ಟಡಗಳಲ್ಲಿ ಅಗ್ನಿಶಾಮಕ ದಳಕ್ಕೆಂದೇ ಒಳ ರೇಡಿಯೊ ವ್ಯವಸ್ಥೆಯನ್ನು ಕಡ್ಡಾಯ ಮಾಡಿತು. ಮಹಡಿ ಮಹಡಿಗೆ ಆಂಟೆನಾ, ಲಾಬಿಯಲ್ಲಿ ನಿಯಂತ್ರಣ ಫಲಕ, ಖರ್ಚು ಕಟ್ಟಡದ ಮಾಲೀಕರದ್ದು.